ಕೋಪನ್‌ಹೇಗನ್‌ನಲ್ಲಿ ನಾಲ್ಕು ದಿನ, ಇಬ್ಬರು ಚಿಕ್ಕ ಮಕ್ಕಳು: ಈ ಪಟ್ಟಿ ನಡೆಯುತ್ತದೆಯೇ?

ಪಟ್ಟಿಪೀಡಿತೆ

ನಮಸ್ಕಾರ. ಜೂನ್ ಕೊನೆಯಲ್ಲಿ ನಾಲ್ಕು ದಿನ ಕೋಪನ್‌ಹೇಗನ್‌ಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮಗಳಿಗೆ ಐದೂವರೆ ವರ್ಷ. ಮಗನಿಗೆ ಅಲ್ಲಿರುವಾಗಲೇ ಎರಡು ತುಂಬುತ್ತದೆ. ಅವನು ನಡೆಯುತ್ತಾನೆ, ಆದರೆ ತನಗೆ ಬೇಕಾದ ದಿಕ್ಕಿಗೆ ಮಾತ್ರ. ಮಧ್ಯಾಹ್ನದ ನಿದ್ದೆ ತಪ್ಪಿತೋ, ಸಂಜೆ ರಚ್ಚೆ ಹಿಡಿದು ಎಲ್ಲರನ್ನೂ ಸುಸ್ತು ಮಾಡುತ್ತಾನೆ.

ನಮ್ಮ ಯಜಮಾನರು ಪಟ್ಟಿಯೊಂದನ್ನು ಸಿದ್ಧಪಡಿಸಿದ್ದಾರೆ. ಮೊದಲ ದಿನ ಟಿವೊಲಿ ಎಂಬ ಮನರಂಜನಾ ಉದ್ಯಾನ, ನ್ಯಾಷನಲ್ ಮ್ಯೂಸಿಯಂ, ದುಂಡು ಗೋಪುರ. ಎರಡನೇ ದಿನ ಅರಮನೆಯ ಕಾವಲು ಬದಲಾವಣೆ, ಮತ್ಸ್ಯಕನ್ಯೆಯ ಪ್ರತಿಮೆ, ನ್ಯೂಹಾವ್ನ್ ಎಂಬ ಹಳೆಯ ಬಂದರು ಕಾಲುವೆ, ದೋಣಿ ವಿಹಾರ. ಮೂರನೇ ದಿನ ಲೆಗೋಲ್ಯಾಂಡ್ ಎಂಬ ಮಕ್ಕಳ ಆಟದ ಉದ್ಯಾನ. ನಾಲ್ಕನೇ ದಿನ ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೊ, ಅಲ್ಲಿಂದ ನೇರವಾಗಿ ವಿಮಾನ ನಿಲ್ದಾಣ. ಓದುವಾಗಲೇ ನನಗೆ ಕಾಲು ನೋವು ಬಂತು. ಆದರೆ ಅವರ ಮುಂದೆ ವಾದಿಸಲು ನನ್ನ ಬಳಿ ಅಂಕಿಅಂಶಗಳಿಲ್ಲ. ಚಿಕ್ಕ ಮಕ್ಕಳೊಂದಿಗೆ ಹೋಗಿ ಬಂದವರು ಹೇಳಿ: ಇದರಲ್ಲಿ ಯಾವುದನ್ನು ಉಳಿಸಲಿ, ಯಾವುದನ್ನು ಬಿಡಲಿ? ಸ್ಟ್ರೋಲರ್ ಒಯ್ಯಬೇಕೇ?


ನಿಧಾನಸ್ಥೆ

ಮೇಡಂ, ಮೊದಲು ಲೆಗೋಲ್ಯಾಂಡನ್ನು ಹೊಡೆದುಹಾಕಿ. ಅದು ಕೋಪನ್‌ಹೇಗನ್‌ನಲ್ಲಿಲ್ಲ. ಬಿಲ್ಲುಂಡ್ ಎಂಬಲ್ಲಿದೆ, ಇಲ್ಲಿಂದ ಸುಮಾರು 260 ಕಿ.ಮೀ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ, ನಡುವೆ ಸಾಲಿನಲ್ಲಿ ನಿಲ್ಲುವ ಹೊತ್ತು ಬೇರೆ. ಬಿಲ್ಲುಂಡ್‌ಗೆ ಅದರದೇ ವಿಮಾನ ನಿಲ್ದಾಣವಿದೆ, ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ. ಯಜಮಾನರಿಗೆ ತೋರಿಸಲು ಈ ಅಂಕಿ ಸಾಲಬಹುದು.

ಉಳಿದ ಪಟ್ಟಿಯ ತೊಂದರೆ ಏನೆಂದರೆ, ಅದರಲ್ಲಿ ಸ್ಥಳಗಳಿವೆ, ದಾರಿಗಳಿಲ್ಲ. ದೊಡ್ಡವರಿಗೆ ದಾರಿ ಎಂದರೆ ಕಳೆದುಹೋಗುವ ಸಮಯ. ಎರಡು ವರ್ಷದವನಿಗೆ ಅದೇ ಪ್ರವಾಸ. ಅಲ್ಲಿನ ಮೆಟ್ರೊಗೆ ಚಾಲಕನಿಲ್ಲ, 2002ರಿಂದಲೂ ಹಾಗೆಯೇ ಓಡುತ್ತಿದೆ. ಚಾಲಕನಿಲ್ಲದ್ದರಿಂದ ರೈಲಿನ ಮೂತಿಯಲ್ಲಿ ದೊಡ್ಡ ಗಾಜು, ಅದರ ಹಿಂದೆಯೇ ಆಸನ. ವಿಮಾನ ನಿಲ್ದಾಣವೇ ಆ ಮಾರ್ಗದ ಕೊನೆ ನಿಲ್ದಾಣ. ಅಲ್ಲಿಯೇ ಹತ್ತಿದರೆ ಮುಂದಿನ ಆಸನ ಸಿಗುವ ಸಾಧ್ಯತೆ ಹೆಚ್ಚು. ಮೊದಲು ಬಯಲಿನಲ್ಲಿ ಓಡುತ್ತದೆ, ಆಮೇಲೆ ಹಳಿ ಇಳಿಜಾರಾಗಿ ಸುರಂಗದ ಬಾಯಿ ಎದುರಾಗುತ್ತದೆ, ದೀಪಗಳು ಒಂದೊಂದಾಗಿ ಮೈಮೇಲೆ ಬಂದು ಪಕ್ಕಕ್ಕೆ ಸರಿಯುತ್ತವೆ. ನನ್ನ ಮಗ ಗಾಜಿಗೆ ಮೂಗು ಒತ್ತಿ ನಿಂತು, ಪ್ರತಿ ನಿಲ್ದಾಣದಲ್ಲೂ ರೈಲಿಗೆ ತಾನೇ ಬ್ರೇಕ್ ಹಾಕುತ್ತಿದ್ದ. ಅವನ ಉಸಿರಿನಿಂದ ಗಾಜಿನ ಮೇಲೆ ಮಂಜು ಕಟ್ಟಿದರೆ ಅಂಗೈಯಿಂದ ಒರೆಸಿ ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದ. ನಗರದ ನಡುವಿನ ನೊರೆಪೋರ್ಟ್ ನಿಲ್ದಾಣಕ್ಕೆ ಇದರಲ್ಲಿ ಕಾಲು ಗಂಟೆ ಸಾಕು. ಹನ್ನೆರಡು ವರ್ಷದೊಳಗಿನ ಇಬ್ಬರು ಮಕ್ಕಳು ಟಿಕೆಟ್ ಪಡೆದ ಒಬ್ಬ ವಯಸ್ಕರ ಜೊತೆ ಉಚಿತವಾಗಿ ಹೋಗಬಹುದು. ಎಲ್ಲ ಮೆಟ್ರೊ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ಆದ್ದರಿಂದ ಸ್ಟ್ರೋಲರ್ ಖಂಡಿತ ಒಯ್ಯಿರಿ, ಆದರೆ ಚಕ್ರ ಚಿಕ್ಕದಿರುವ, ಕೊಡೆಯಂತೆ ಮಡಚುವ ಬಗೆಯದು ಬೇಡ. ಹಳೆಯ ಬೀದಿಗಳಲ್ಲಿ ಕಲ್ಲು ಹಾಸಿದೆ, ಚಕ್ರ ಸಂದಿಗೆ ಸಿಕ್ಕಿ ಮಲಗಿದ ಮಗು ಎದ್ದು ಕೂರುತ್ತದೆ.

ದೋಣಿ ವಿಹಾರವನ್ನೂ ಹೀಗೆಯೇ ಪರಿಹರಿಸಿ. ಬಂದರಿನಲ್ಲಿ ಹಳದಿ ಬಣ್ಣದ ದೋಣಿ-ಬಸ್ಸುಗಳಿವೆ. ಮೆಟ್ರೊ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ವಿವರಣೆ ಹೇಳುವವರಿಲ್ಲ ಎನ್ನುವುದು ಅದರ ದೊಡ್ಡ ಗುಣ. ಮಗ ಅತ್ತರೆ ಮುಂದಿನ ನಿಲುಗಡೆಯಲ್ಲಿ ಇಳಿಯಬಹುದು. ಪ್ರವಾಸಿ ದೋಣಿಯಲ್ಲಿ ಒಂದು ಗಂಟೆ ಕೂತಲ್ಲೇ ಕೂರಬೇಕು.

ದುಂಡು ಗೋಪುರವನ್ನು ಉಳಿಸಿಕೊಳ್ಳಿ, ಅದು ಮಕ್ಕಳಿಗಾಗಿಯೇ ಕಟ್ಟಿದಂತಿದೆ. ನಿಜಕ್ಕೂ ಕಟ್ಟಿಸಿದ್ದು ನಾಲ್ಕನೇ ಕ್ರಿಶ್ಚಿಯನ್ ದೊರೆ, ನಕ್ಷತ್ರ ನೋಡುವವರಿಗಾಗಿ, ಮುಗಿದದ್ದು 1642ರಲ್ಲಿ. ಒಳಗೆ ಮೆಟ್ಟಿಲುಗಳ ಬದಲು ಇಟ್ಟಿಗೆ ಹಾಸಿದ ಅಗಲವಾದ ಇಳಿಜಾರು ಹಾದಿ ಏಳೂವರೆ ಸುತ್ತು ಸುತ್ತಿ ಮೇಲಕ್ಕೇರುತ್ತದೆ. ಮೆಟ್ಟಿಲು ಬರುವುದು ತುದಿಯಲ್ಲಿ ಮಾತ್ರ. ಹೊರಗೋಡೆಗೆ ಹೊಂದಿಕೊಂಡು ನಡೆದರೆ ಹಾದಿ ಸುಮಾರು 268 ಮೀಟರ್, ಏರು ಸಲೀಸು. ಒಳಗಂಬಕ್ಕೆ ಅಂಟಿ ನಡೆದರೆ ಬರೀ 85 ಮೀಟರ್ ಚಿಲ್ಲರೆ, ಆದರೆ ಏರು ಮೂರು ಪಟ್ಟು ಕಡಿದು. ನನ್ನ ಮಗಳು ಒಳಬದಿಯಿಂದ ಓಡಿ ಎಲ್ಲರಿಗಿಂತ ಮುಂದೆ ಹೋಗುವುದು, ಏದುಸಿರು ಬಿಡುತ್ತ ಕಿಟಕಿಯ ಗೂಡಿನಲ್ಲಿ ಕೂರುವುದು, ನಾವು ಹೊರಬದಿಯಿಂದ ನಿಧಾನವಾಗಿ ಬಂದು ಅವಳನ್ನು ಹಿಂದೆ ಹಾಕುವುದು, ಅವಳು ಮತ್ತೆ ಓಡುವುದು. ಇದಕ್ಕಿಂತ ಒಳ್ಳೆಯ ಆಟದ ಸಾಮಾನು ನನಗೆ ಗೊತ್ತಿಲ್ಲ. ಮೇಲೆ ಒಂದು ಕಡೆ ಗಾಜಿನ ನೆಲವಿದೆ, ಕೆಳಗೆ ಟೊಳ್ಳುಗಂಬದ ಆಳ ಕಾಣುತ್ತದೆ. ಮಕ್ಕಳು ಅದರ ಮೇಲೆ ಕುಣಿಯುತ್ತಾರೆ, ಅಪ್ಪಂದಿರು ಗೋಡೆ ಹಿಡಿದು ನಿಲ್ಲುತ್ತಾರೆ.

ಟಿವೊಲಿಯನ್ನು ಮೊದಲ ದಿನವೇ ಇಡಬೇಡಿ. ಅದನ್ನು ನೋಡಿದ ಮೇಲೆ ಉಳಿದದ್ದೆಲ್ಲ ಮಕ್ಕಳಿಗೆ ಸಪ್ಪೆ. ಎರಡನೇ ಅಥವಾ ಮೂರನೇ ದಿನ, ಮಧ್ಯಾಹ್ನದ ನಿದ್ದೆ ಮುಗಿಸಿ ಹೋಗಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ, ಬೆಳಕಿಗೆ ಬರವಿಲ್ಲ. ಒಳಗೆ ಹೋಗಲು ಒಂದು ಟಿಕೆಟ್, ಆಟಗಳಿಗೆ ಬೇರೆ ಟಿಕೆಟ್. ನಿಮ್ಮ ಮಗನ ಎತ್ತರಕ್ಕೆ ಹೊಂದುವ ಆಟಗಳು ಕಡಿಮೆ, ಅವನಿಗೂ ಎಲ್ಲ ಆಟಗಳಿಗೆ ನಡೆಯುವ ಕೈಪಟ್ಟಿ ಕೊಳ್ಳುವ ಮೊದಲು ಯೋಚಿಸಿ. ದುಡ್ಡಿಲ್ಲದೆ ನೋಡುವುದೇ ಬೇಕಾದಷ್ಟಿದೆ. 1914ರ ಮರದ ರೋಲರ್ ಕೋಸ್ಟರ್ ಇದೆ. ಅದರ ಪ್ರತಿ ರೈಲಿನಲ್ಲೂ ಒಬ್ಬ ಮನುಷ್ಯ ಕೂತು ಕೈಯಿಂದ ಬ್ರೇಕ್ ಹಾಕುತ್ತಾನೆ. ಮೆಟ್ರೊದಲ್ಲಿ ಅದೇ ಕೆಲಸ ಮಾಡಿದ್ದ ನನ್ನ ಮಗನಿಗೆ ಅವನೇ ದೇವರು. ಇನ್ನು ಬಯಲು ಮೂಕಾಭಿನಯ ರಂಗಮಂದಿರ: ಪರದೆಯ ಬದಲು ದೊಡ್ಡ ನವಿಲು, ಆಟ ಶುರುವಾದಾಗ ಗರಿ ಮಡಚಿಕೊಂಡು ಕೆಳಗಿಳಿಯುತ್ತದೆ. ಮಾತೇ ಇಲ್ಲದ ನಾಟಕವಾದ್ದರಿಂದ ಯಾವ ದೇಶದ ಮಗುವೂ ನೋಡಬಹುದು. ಪ್ರದರ್ಶನದ ವೇಳೆಯನ್ನು ಬಾಗಿಲಲ್ಲೇ ಕೇಳಿಕೊಳ್ಳಿ.

ಕಾವಲು ಬದಲಾವಣೆಗೆ ಅಮಾಲಿಯೆನ್‌ಬೋರ್ಗ್ ಚೌಕದಲ್ಲಿ ಹನ್ನೆರಡು ಗಂಟೆಗೆ ಜನ ಕಿಕ್ಕಿರಿಯುತ್ತಾರೆ, ಮಗುವಿಗೆ ಕಾಣುವುದು ಬೆನ್ನುಗಳು. ಅದೇ ಸೈನಿಕರು ಹನ್ನೊಂದೂವರೆಗೆ ರೋಸೆನ್‌ಬೋರ್ಗ್ ಅರಮನೆಯ ಪಕ್ಕದಿಂದ ಹೊರಡುತ್ತಾರೆ. ಅಲ್ಲಿ ನಿಂತು ಕರಡಿತೊಗಲಿನ ಟೋಪಿಗಳನ್ನು ಹತ್ತಿರದಿಂದ ನೋಡಿ, ಪಕ್ಕದ ರಾಜೋದ್ಯಾನದಲ್ಲಿರುವ ಆಟದ ಜಾಗಕ್ಕೆ ಮಕ್ಕಳನ್ನು ಬಿಡಿ. ನಿದ್ದೆಯ ಹೊತ್ತಿಗೆ ಸ್ಟ್ರೋಲರನ್ನು ಮರದ ನೆರಳಿಗೆ ತಳ್ಳಿದರೆ ಮುಗಿಯಿತು.

ದಿನಕ್ಕೆ ಊಟಕ್ಕೆ ಮುಂಚೆ ಒಂದು, ನಿದ್ದೆಯ ಮೇಲೆ ಒಂದು. ಎರಡನೆಯದು ಆಗದಿದ್ದರೂ ಯಾರೂ ಕೇಳುವುದಿಲ್ಲ.


ಇಬ್ಬರಪ್ಪ

ನಿಧಾನಸ್ಥೆ ಮೇಡಂ ಹೇಳಿದ್ದಕ್ಕೆ ಕೆಲವು ಕಾಗದಪತ್ರದ ಮಾತು ಸೇರಿಸುತ್ತೇನೆ. ಬಹುತೇಕ ವಿಮಾನ ಸಂಸ್ಥೆಗಳಲ್ಲಿ ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರಬಹುದು. ಆದರೆ ಲೆಕ್ಕ ಪ್ರಯಾಣದ ದಿನದ್ದು. ಹುಟ್ಟುಹಬ್ಬ ನಡುವೆ ಬಂದರೆ ಮರಳುವಾಗ ಸ್ವಂತ ಆಸನ ಬೇಕು. ಈಗಲೇ ಫೋನ್ ಮಾಡಿ ಕೇಳಿ, ಕೌಂಟರಿನಲ್ಲಿ ಗೊತ್ತಾಗುವುದು ಬೇಡ. ವೀಸಾ ಬೇಕಾದ ಪಾಸ್‌ಪೋರ್ಟ್ ನಿಮ್ಮದಾಗಿದ್ದರೆ, ಆರು ವರ್ಷದೊಳಗಿನವರಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕವಿಲ್ಲ, ಹನ್ನೆರಡರೊಳಗಿನವರ ಬೆರಳಚ್ಚು ತೆಗೆಯುವುದಿಲ್ಲ. ಅರ್ಜಿಯನ್ನು ಆರು ತಿಂಗಳ ಮೊದಲೇ ಹಾಕಬಹುದು, ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು. ಆ ಗಡುವಿನವರೆಗೆ ಕಾಯುವವರ ಧೈರ್ಯಕ್ಕೆ ನಮಸ್ಕಾರ.

ವಿಮಾನದ ಬಾಗಿಲಲ್ಲಿ ಸ್ಟ್ರೋಲರ್ ಒಪ್ಪಿಸಿದರೆ ಇಳಿದಾಗ ಅದು ಬಾಗಿಲಿಗೇ ಬರುತ್ತದೋ ಲಗೇಜ್ ಬೆಲ್ಟಿಗೆ ಬರುತ್ತದೋ ಎಂದು ಕೇಳಿಟ್ಟುಕೊಳ್ಳಿ. ನಮಗೆ ಬಾಗಿಲಿಗೆ ಎಂದರು, ಬಂದದ್ದು ಬೆಲ್ಟಿಗೆ. ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಾಗ ಎಡಗೈ ಇದೆಯೋ ಇಲ್ಲವೋ ಎಂಬಂತಾಗಿತ್ತು.

ಕೋಪನ್‌ಹೇಗನ್‌ನಲ್ಲಿ ಕಾರಿಗಿಂತ ಸೈಕಲ್ಲಿಗೆ ಹೆದರಬೇಕು. ಸೈಕಲ್ ಹಾದಿ ಪಾದಚಾರಿ ಹಾದಿಗೆ ಅಂಟಿಕೊಂಡೇ ಇರುತ್ತದೆ, ಬೆಳಿಗ್ಗೆ ಕಚೇರಿಗೆ ಹೋಗುವವರು ಬಿರುಸಾಗಿ ಬರುತ್ತಾರೆ. ಬಸ್ಸಿನಿಂದ ಇಳಿಯುವಾಗ ಮಗಳ ಕೈ ಮೊದಲು ಹಿಡಿಯಿರಿ, ಚೀಲ ಆಮೇಲೆ. ಮುಂದೆ ಮರದ ಪೆಟ್ಟಿಗೆಯಿರುವ ಸೈಕಲ್ಲನ್ನು ಬಾಡಿಗೆಗೆ ಪಡೆದು ಇಬ್ಬರನ್ನೂ ಕೂರಿಸಿಕೊಂಡು ಹೋಗಬಹುದು. ಆದರೆ ಮೊದಲು ಉದ್ಯಾನದಲ್ಲಿ ಅಭ್ಯಾಸ ಮಾಡಿ, ತಿರುವಿನಲ್ಲಿ ಅದು ಮೊಂಡು ಹಿಡಿಯುತ್ತದೆ. ಫೆಲೆಡ್‌ಪಾರ್ಕೆನ್ ಉದ್ಯಾನದಲ್ಲಿ ಪುಟ್ಟ ರಸ್ತೆ, ಪುಟ್ಟ ಸಿಗ್ನಲ್‌ಗಳಿರುವ ಸಂಚಾರ ಆಟದ ಮೈದಾನವಿದೆ. ನಿಮ್ಮ ಮಗಳು ಅಲ್ಲಿ ನಿಯಮಗಳನ್ನು ಕಲಿತು, ಹೊರಗೆ ಬಂದ ಮೇಲೆ ನಿಮ್ಮನ್ನೇ ಗದರುತ್ತಾಳೆ.


ಕಥೆಗಾರ್ತಿ

ನನ್ನದು ಸ್ವಲ್ಪ ಭಿನ್ನರಾಗ. ಎಲ್ಲವನ್ನೂ ಜಾರುಬಂಡಿ, ಉಯ್ಯಾಲೆಗೆ ಇಳಿಸಿದರೆ ಆ ಊರಿಗೇ ಏಕೆ ಹೋಗಬೇಕು? ಐದೂವರೆ ವರ್ಷದವಳಿಗೆ ಕಥೆ ಅರ್ಥವಾಗುತ್ತದೆ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬರೆದ ಮತ್ಸ್ಯಕನ್ಯೆಯ ಕಥೆಯನ್ನು ಹೊರಡುವ ಮುನ್ನ ಹೇಳಿ, ಆಮೇಲೆ ಪ್ರತಿಮೆಯ ಮುಂದೆ ನಿಲ್ಲಿಸಿ. ಬರೀ 1.25 ಮೀಟರ್ ಎತ್ತರ, 1913ರಿಂದ ಬಂಡೆಯ ಮೇಲೆ ಕೂತಿದ್ದಾಳೆ. ಇಷ್ಟೇನಾ ಎಂದು ದೊಡ್ಡವರು ಮುಖ ಸಿಂಡರಿಸುತ್ತಾರೆ. ನನ್ನ ಮಗಳು ಮಾತ್ರ ಇವಳ ಬಾಲ ಎಲ್ಲಿ ಮುಗಿಯುತ್ತದೆ, ಕಾಲು ಎಲ್ಲಿ ಶುರುವಾಗುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದಳು. ತನ್ನಷ್ಟೇ ಎತ್ತರದವಳು ಎನ್ನುವುದೇ ಅವಳಿಗೆ ಸಂಭ್ರಮ.

ಮಾಲ್ಮೊ ವಿಷಯದಲ್ಲಿ ನಿಮ್ಮ ಯಜಮಾನರ ಲೆಕ್ಕ ಸರಿಯಾಗಿದೆ. ಅಲ್ಲಿಂದ ಬರುವ ರೈಲು ಮೊದಲು ವಿಮಾನ ನಿಲ್ದಾಣವನ್ನೇ ತಲುಪುತ್ತದೆ. 2000ದಲ್ಲಿ ತೆರೆದ ಸೇತುವೆಯಲ್ಲಿ ರೈಲು ಕೆಳಗಿನ ಅಂತಸ್ತಿನಲ್ಲಿ ಓಡುತ್ತದೆ, ಕಾರುಗಳು ತಲೆಯ ಮೇಲೆ. ಸಮುದ್ರದ ನಡುವೆ ಕಟ್ಟಿದ ದ್ವೀಪಕ್ಕೆ ಬಂದು, ಅಲ್ಲಿಂದ ನೀರಿನಡಿಯ ಸುರಂಗಕ್ಕೆ ಇಳಿಯುತ್ತದೆ. ಡೆನ್ಮಾರ್ಕ್, ಸ್ವೀಡನ್ ಎರಡೂ ಷೆಂಗೆನ್ ದೇಶಗಳಾದರೂ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ.


ಪಟ್ಟಿಪೀಡಿತೆ

ಎಲ್ಲರಿಗೂ ಧನ್ಯವಾದಗಳು. ಲೆಗೋಲ್ಯಾಂಡ್ ಬಿದ್ದುಹೋಯಿತು. 260 ಕಿ.ಮೀ. ಎಂದು ಓದಿ ಹೇಳಿದೆ, ಯಜಮಾನರು ಸುಮ್ಮನೆ ನಕ್ಷೆ ಮುಚ್ಚಿದರು. ಮಾಲ್ಮೊ ಬಗ್ಗೆ ಮಾತ್ರ ಈಗ ಮೀಸೆ ತಿರುವುತ್ತಿದ್ದಾರೆ. ಕೊನೆಯ ಪ್ರಶ್ನೆ: ಎಲ್ಲಿ ಉಳಿದುಕೊಳ್ಳಲಿ? ಕೇಂದ್ರ ರೈಲು ನಿಲ್ದಾಣದ ಹತ್ತಿರ ಅನುಕೂಲವೇ?


ನಿಧಾನಸ್ಥೆ

ಟಿವೊಲಿ ಅದರ ಎದುರೇ ಇರುವುದರಿಂದ ಅನುಕೂಲವೇನೋ ಹೌದು, ಆದರೆ ಕೂಗಾಟವೂ ಕಿಟಕಿಗೇ ಬರುತ್ತದೆ. ಮೆಟ್ರೊ ನಿಲ್ದಾಣಕ್ಕೆ ಸ್ಟ್ರೋಲರ್ ತಳ್ಳಿಕೊಂಡು ಐದು ನಿಮಿಷದಲ್ಲಿ ಹೋಗುವಂತಿದ್ದರೆ ಯಾವ ಬಡಾವಣೆಯಾದರೂ ಸರಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ನಾಲ್ಕನೇ ಮಹಡಿ ಎಂದಿದ್ದರೆ ಕೇಳದೆ ದುಡ್ಡು ಕಟ್ಟಬೇಡಿ. ಅಡುಗೆಮನೆ ಇದ್ದರೆ ಒಳ್ಳೆಯದು, ಎರಡು ವರ್ಷದವನ ಹಸಿವು ಹೋಟೆಲಿನ ವೇಳೆ ಕೇಳಿ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಮಲಗುವ ಕೋಣೆಗೆ ದಪ್ಪ ಪರದೆ ಇದೆಯೇ ಎಂದು ಬರೆದು ಕೇಳಿ. ಜೂನ್‌ನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಸೂರ್ಯ ಹುಟ್ಟುತ್ತಾನೆ, ಅವನ ಹಿಂದೆಯೇ ನಿಮ್ಮ ಮಗ ಏಳುತ್ತಾನೆ. ಇಲ್ಲ ಎಂದರೆ ಒಂದು ಗಾಢ ಬಣ್ಣದ ಬೆಡ್‌ಶೀಟ್, ಬಟ್ಟೆ ಒಣಗಿಸುವ ಕ್ಲಿಪ್ಪು ಒಂದಷ್ಟು ಚೀಲಕ್ಕೆ ಹಾಕಿಕೊಳ್ಳಿ. ಕ್ಲಿಪ್ಪು ಮರದ್ದಿರಲಿ, ಪ್ಲಾಸ್ಟಿಕ್ಕಿನವು ದಪ್ಪ ಬಟ್ಟೆಯನ್ನು ಹಿಡಿಯುವುದಿಲ್ಲ.