ಅಪ್‌ಡೇಟ್: ಜಮೀನಿನ ಪತ್ರ ಬೀರುವಿನಲ್ಲೇ ಉಳಿಯಿತು

ಅಪ್ಪನ ಒಂದೂವರೆ ಎಕರೆ ಅಡವಿಟ್ಟು ಅಮೆರಿಕದಲ್ಲಿ ಕ್ರಿಮಿನಲ್ ಜಸ್ಟಿಸ್ (ಅಪರಾಧ, ಪೊಲೀಸ್, ನ್ಯಾಯ ವ್ಯವಸ್ಥೆಯ ಅಧ್ಯಯನ) ಓದಬಹುದೇ ಎಂದು ಯುಗಾದಿಯ ಹೊತ್ತಿಗೆ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ನಿಜ ಹೇಳಬೇಕೆಂದರೆ, ಬೈದವರೇ ಹೆಚ್ಚು ಉಪಕಾರ ಮಾಡಿದಿರಿ.

ಕೋಲಾರದ ಏಜೆಂಟರೊಬ್ಬರು ‘ಪದವಿ ಮುಗಿಸಿದರೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ಸೇರಬಹುದು’ ಎಂದಿದ್ದರು. ಅದಕ್ಕೆ ಅಮೆರಿಕದ ಪೌರತ್ವ ಬೇಕೆಂಬುದನ್ನು ಮಾತ್ರ ನುಂಗಿಕೊಂಡಿದ್ದರು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಆಮೇಲೆ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯಡಿ ದುಡಿಯಲು ಸಿಗುವುದು 12 ತಿಂಗಳು. ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸ್ ಆದರೆ ಇನ್ನೂ 24 ತಿಂಗಳು ಕೇಳಬಹುದು. ಫೊರೆನ್ಸಿಕ್ ಸೈನ್ಸ್ (ವಿಧಿವಿಜ್ಞಾನ) ಆ ಪಟ್ಟಿಯಲ್ಲಿದೆ, ಸಾಮಾನ್ಯ ಕ್ರಿಮಿನಲ್ ಜಸ್ಟಿಸ್ ಇಲ್ಲ. ಒಂದೇ ವರ್ಷದ ದುಡಿಮೆಯಲ್ಲಿ ಆ ಸಾಲ ತೀರುವ ಲೆಕ್ಕ ನನಗಂತೂ ಸಿಗಲಿಲ್ಲ. ವೀಸಾಗೂ ಮುನ್ನ ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆ ಕಟ್ಟಬೇಕಾದ ಸೆವಿಸ್ ಶುಲ್ಕದ 350 ಡಾಲರ್ ಕಟ್ಟುವ ಮೊದಲೇ ಎಚ್ಚರವಾದದ್ದು ಪುಣ್ಯ.

ನಾನು ಓದಿರುವುದು ರಸಾಯನಶಾಸ್ತ್ರದ ಬಿಎಸ್‌ಸಿ. ಹಾಗಾಗಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ ಅರ್ಜಿ ಹಾಕಿದ್ದೇನೆ. ಅಮ್ಮನಿಗೆ ಸಮಾಧಾನವಾಗಿದೆ. ಅಪ್ಪನಿಗೆ ಸ್ವಲ್ಪ ಬೇಸರ, ಊರಿಗೆಲ್ಲ ಅಮೆರಿಕ ಎಂದು ಹೇಳಿಬಿಟ್ಟಿದ್ದರು. ಈ ಬಾರಿ ಟೊಮೆಟೊಗೆ ಬೆಲೆ ಬಂದರೆ ಶುಲ್ಕಕ್ಕೆ ಸಾಲವೇ ಬೇಡ ಎನ್ನುತ್ತಿದ್ದಾರೆ. ಹೋದ ವರ್ಷವೂ ಹಾಗೆಯೇ ಎಂದಿದ್ದರು.