ಮುಳುಗಡೆ ಊರಿನ ಮೂಲ ಹುಡುಕಾಟ: ಭೂಮಿ ಜಾಲತಾಣದಲ್ಲಿ ಊರೇ ಇಲ್ಲ, ಗೇಣಿ ಚೀಟಿಯ ವರ್ಷವೂ ಹೊಂದುತ್ತಿಲ್ಲ

ಕರೂರು ಸೀಮೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ಸಾಗರ ತಾಲ್ಲೂಕಿನ ಕರೂರು ಹೋಬಳಿ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿದಾಗ ಮನೆ, ಗದ್ದೆ ಎರಡೂ ಹೋದವು. ಅಜ್ಜ ಶಿವಮೊಗ್ಗ ತಾಲ್ಲೂಕಿಗೆ ಬಂದು ನೆಲೆಸಿದರು. ಅಜ್ಜ ಈಗಿಲ್ಲ. ಅಜ್ಜಿಗೆ ಎಂಬತ್ತಾರು ವರ್ಷ. ಅವರು ಇರುವಾಗಲೇ ಮುತ್ತಜ್ಜನಿಗಿಂತ ಹಿಂದಿನವರ ಹೆಸರನ್ನು ತಿಳಿದುಕೊಳ್ಳಬೇಕೆಂದು ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಎಲ್ಲ ಕಡೆಯೂ ದಾರಿ ಮುಚ್ಚಿದಂತಾಗಿದೆ.

ಸರ್ಕಾರದ ಜಮೀನು ದಾಖಲೆಗಳಿರುವ ಭೂಮಿ ಜಾಲತಾಣದಲ್ಲಿ ಸಾಗರ, ಕರೂರು ಎಂದು ಆರಿಸಿದರೆ ಬರುವ ಗ್ರಾಮಗಳ ಪಟ್ಟಿಯಲ್ಲಿ ಅಜ್ಜಿ ಹೇಳುವ ಊರಿನ ಹೆಸರಿಲ್ಲ. ಅಲ್ಲೇ ಉಳಿದುಕೊಂಡ ದಾಯಾದಿಗಳು ಸಿಗಬಹುದೆಂದು 2002ರ ಮತದಾರರ ಪಟ್ಟಿಯ ಪಿಡಿಎಫ್ ಇಳಿಸಿಕೊಂಡೆ. ಕಣ್ಣೆದುರಿಗೆ ಕಾಣುತ್ತಿರುವ ಹೆಸರನ್ನೇ ಟೈಪಿಸಿ ಹುಡುಕಿದರೂ 'ಇಲ್ಲ' ಎನ್ನುತ್ತದೆ. ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ತೀರ್ಥಕ್ಷೇತ್ರಗಳ ಪಂಡರ ವಹಿಗಳಿವೆ (ಯಾತ್ರಿಕರ ವಂಶದ ಹೆಸರುಗಳನ್ನು ಬರೆದಿಟ್ಟ ಪುಸ್ತಕಗಳು), ಆದರೆ ಅವು ಹರಿದ್ವಾರದ ಕಡೆಯವು.

ಕೈಯಲ್ಲಿರುವುದು ಒಂದೇ ಕಾಗದ. ಅಜ್ಜಿಯ ಟ್ರಂಕಿನ ತಳದಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಗೇಣಿ ಚೀಟಿ. ಮಡಿಕೆಗಳು ಹರಿದು ನಾಲ್ಕು ಚೂರಾಗಿದೆ. ಕೂಡಿಸಿ ಇಟ್ಟು ಫೋಟೋ ಹಾಕಿದ್ದೇನೆ. 'ಆನಂದ ನಾಮ ಸಂವತ್ಸರದ ಮಾಘ ಶುದ್ಧ' ಎಂಬಷ್ಟು ಓದಲು ಬಂತು. ಹುಡುಕಿ ನೋಡಿದರೆ ಆನಂದ ಸಂವತ್ಸರ ಎಂದರೆ 1974-75. ಆದರೆ 1964ಕ್ಕೇ ಊರು ನೀರಿನಡಿ ಹೋಗಿತ್ತಲ್ಲ! ಚೀಟಿ ಬೇರೆಯವರದೇ? ಕೆಳಗಿರುವ ಹೆಸರೂ ತುಂಬಾ ಉದ್ದವಾಗಿದೆ, ನಮ್ಮ ಮನೆಯಲ್ಲಿ ಅಂತಹ ಹೆಸರಿನವರು ಯಾರೂ ಇಲ್ಲ.

ಹಳೇಕಡತ:

ತಂಗಿ, ಆ ಚೀಟಿಯನ್ನು ದಯವಿಟ್ಟು ಜೋಪಾನವಾಗಿಡಿ. ಅಂಟುವ ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನಾನು ಗ್ರಾಮ ಲೆಕ್ಕಿಗನಾಗಿದ್ದವನು. ಲ್ಯಾಮಿನೇಷನ್ ಶಾಖಕ್ಕೆ ಶಾಯಿ ಮಸುಕಾಗಿ ಹಾಳಾದ ಕಾಗದಗಳನ್ನು ಕಣ್ಣಾರೆ ಕಂಡಿದ್ದೇನೆ.

ಸಂವತ್ಸರಗಳ ಚಕ್ರ ಅರವತ್ತು ವರ್ಷದ್ದು. ಆನಂದ 1974ರ ಯುಗಾದಿಗೂ ಬಂತು, 1914ರ ಯುಗಾದಿಗೂ ಬಂದಿತ್ತು. ಯಾವುದು ಎಂಬುದನ್ನು ಚೀಟಿಯೇ ಹೇಳುತ್ತಿದೆ. ಎರಡನೆಯ ಚೂರಿನ ಕೊನೆಯ ಸಾಲನ್ನು ದೊಡ್ಡದು ಮಾಡಿ ನೋಡಿ: 'ರೂಪಾಯಿ', ಅದರ ಮುಂದೆ 'ಆಣೆ'. ನಮ್ಮಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. 1974ರಲ್ಲಿ ಬರೆದವರು ಪೈಸೆ ಎನ್ನುತ್ತಿದ್ದರು. ಹಾಗಾಗಿ ಇದು 1914ರಲ್ಲಿ ಮೊದಲಾದ ಆನಂದ. ಮಾಘ ಮಾಸವಾದ್ದರಿಂದ ಇಂಗ್ಲಿಷ್ ಲೆಕ್ಕದಲ್ಲಿ 1915ರ ಆರಂಭಕ್ಕೆ ಬೀಳುತ್ತದೆ. ಸಂವತ್ಸರದ ಕೊನೆಯ ಮಾಸಗಳಲ್ಲಿ ಈ ಒಂದು ವರ್ಷದ ವ್ಯತ್ಯಾಸವನ್ನು ಬಹಳ ಜನ ಮರೆಯುತ್ತಾರೆ.

ಹೆಸರಿನ ವಿಷಯ. ಬರವಣಿಗೆ ಮೋಡಿ ಲಿಪಿ, ಅಂದರೆ ಹಳೆಯ ಕಾಲದ ಕೂಡುಬರಹ. ಲೇಖನಿ ಎತ್ತದೆ ಬರೆದಿರುವುದರಿಂದ ಪದಗಳ ನಡುವೆ ಜಾಗವೇ ಇಲ್ಲ. ನೀವು ಒಂದು ಉದ್ದ ಹೆಸರು ಎಂದುಕೊಂಡದ್ದರ ನಡುವೆ, ಗುಡಿಸಿನ ಕೆಳಗೆ ಒಂದು ಸುತ್ತು ಬಂದು ಬಾಲ ಎಳೆದಿದೆಯಲ್ಲ, ಅದು 'ಬಿನ್'. ಅಂದರೆ ಇಂಥವರ ಮಗ. ಹೆಂಗಸರ ಹೆಸರಾಗಿದ್ದರೆ 'ಕೋಂ' ಎಂದು ಬರೆದು ಗಂಡನ ಹೆಸರು ಹಾಕುತ್ತಿದ್ದರು. ಹಾಗಾಗಿ ಅಲ್ಲಿರುವುದು ಎರಡು ಹೆಸರು, ಗೇಣಿದಾರನದು ಒಂದು, ಅವನ ತಂದೆಯದು ಇನ್ನೊಂದು. ಬಿಡಿಸಿ ಬರೆದು ನಿಮಗೆ ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಅಜ್ಜಿಯ ಮುಂದೆ ಓದಿ ನೋಡಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಮೂರನೆಯ ಸಾಲಿನಲ್ಲಿ ಭತ್ತವನ್ನು 'ಒಡೆಯರ ಕೊಳಗದಲ್ಲಿ' ಅಳೆದು ಕೊಡುವುದಾಗಿ ಬರೆದಿದೆ. ಕೊಳಗ ಎಂದರೆ ಧಾನ್ಯ ಅಳೆಯುವ ಪಾತ್ರೆ. ಅದರ ಗಾತ್ರವೇ ಮುಂದೆ ಜಮೀನಿನ ಒಡೆಯರಿಗೂ ಗೇಣಿದಾರರಿಗೂ ಜಗಳವಾಗಿ, ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹಕ್ಕೆ ಒಂದು ಕಾರಣವಾಯಿತು. ನಿಮ್ಮ ಮನೆಯವರು ಆ ಕೊಳಗದಲ್ಲಿ ಅಳೆದವರು. ಹೆಸರಿನಷ್ಟೇ ಬೆಲೆಯುಳ್ಳ ವಿಷಯ ಇದು, ಬರೆದಿಟ್ಟುಕೊಳ್ಳಿ.

ಹಿನ್ನೀರದಂಡೆ:

ಊರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ ಅಕ್ಕಾ, ನಮ್ಮದೂ ತುಮರಿ ಕಡೆ. ನಮ್ಮವರು 'ಊರು' ಎನ್ನುವುದು ಮೂರು ನಾಲ್ಕು ಮನೆಗಳ ಮಜರೆಯನ್ನು. ಕಂದಾಯ ಇಲಾಖೆಗೆ ಗ್ರಾಮ ಎಂದರೆ ಅಂತಹ ಹಲವು ಮಜರೆ, ಗುಡ್ಡ, ಕಾನು ಎಲ್ಲ ಸೇರಿದ್ದು. ಭೂಮಿಯ ಪಟ್ಟಿಯಲ್ಲಿ ಇರುವುದು ಕಂದಾಯ ಗ್ರಾಮ ಮಾತ್ರ. ಅಜ್ಜಿಯನ್ನು ಊರಿನ ಹೆಸರು ಕೇಳಬೇಡಿ, ಕಂದಾಯ ಕಟ್ಟಲು ಯಾವ ಊರಿನ ಶಾನುಭೋಗರ ಹತ್ತಿರ ಹೋಗುತ್ತಿದ್ದರು ಎಂದು ಕೇಳಿ. ನಮ್ಮ ಮನೆಯಲ್ಲಿ ಗಂಟು ಬಿಚ್ಚಿದ್ದು ಆ ಪ್ರಶ್ನೆಯಿಂದ.

ಅಜ್ಜಿಗೆ ಅದು ನೆನಪಿಲ್ಲದಿದ್ದರೆ ನಕ್ಷೆ ಇದೆ. ಅಮೆರಿಕದ ಸೇನೆ 1950ರ ದಶಕದಲ್ಲಿ ಭಾರತದ ಮೇಲೆ 'ಯು 502' ಎಂಬ ನಕ್ಷೆಗಳ ಸರಣಿ ತಂದಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ಲೆಕ್ಕ. ಮಜರೆಗಳು ಕಾಣುವುದಿಲ್ಲ, ಆದರೆ ಈಗ ನೀರಿರುವ ಕಡೆ ಹೊಳೆ ಹರಿದಿದ್ದ ದಾರಿ ಗೊತ್ತಾಗುತ್ತದೆ. ಊರು ಹೊಳೆಯ ಯಾವ ದಂಡೆಗಿತ್ತು, ಸಂತೆಗೆ ಯಾವ ಕಡೆ ನಡೆಯುತ್ತಿದ್ದರು ಎಂದು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಒಮ್ಮೆ ಕರೂರು ಕಡೆ ಹೋದಾಗ ದಡದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ, ನಿಂತ ಜಾಗದ ಗ್ರಾಮದ ಹೆಸರು, ಸರ್ವೆ ನಂಬರು ಎರಡೂ ಬರುತ್ತವೆ. ಆ ಗ್ರಾಮವನ್ನೇ ಭೂಮಿಯಲ್ಲಿ ಆರಿಸಿ.

ಪಿಡಿಎಫ್ ವಿಷಯಕ್ಕೆ ಬಂದರೆ, ಒಂದು ಹೆಸರಿನ ಮೇಲೆ ಮೌಸ್ ಎಳೆದು ನೋಡಿ. ಅಕ್ಷರಗಳು ನೀಲಿಯಾಗಿ ಆಯ್ಕೆಯಾದರೆ ಅದು ಯೂನಿಕೋಡ್‌ಗೆ ಮುಂಚಿನ ಹಳೆಯ ಫಾಂಟ್. ನಕಲಿಸಿ ಅಂಟಿಸಿದಾಗ ಚಿತ್ರವಿಚಿತ್ರ ಲ್ಯಾಟಿನ್ ಚಿಹ್ನೆಗಳು ಬರುತ್ತವೆ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಕ್ಕೆ ಹಾಕಿದರೆ ಕನ್ನಡವಾಗುತ್ತದೆ. ಏನೂ ಆಯ್ಕೆಯಾಗದಿದ್ದರೆ ಅದು ಬರಿಯ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸುತ್ತದೆ, ತಪ್ಪುಗಳು ಇದ್ದೇ ಇರುತ್ತವೆ. ಒಂದು ಮತಗಟ್ಟೆಯ ಪಟ್ಟಿಯಾದರೆ ಕಣ್ಣಲ್ಲೇ ಓದುವುದು ಬೇಗ.

ಕರೂರು ಸೀಮೆಯವಳು:

ಪಿಡಿಎಫ್ ಬರಿಯ ಚಿತ್ರವೇ. ಕಣ್ಣಲ್ಲೇ ಓದಿದೆ. ದಾಯಾದಿಗಳ ಎರಡು ಮನೆ ಸಿಕ್ಕವು! ಶಾನುಭೋಗರ ಪ್ರಶ್ನೆ ಕೇಳಿದ ತಕ್ಷಣ ಅಜ್ಜಿ ಗ್ರಾಮದ ಹೆಸರು ಹೇಳಿದರು, ಅದು ಭೂಮಿಯಲ್ಲಿ ಇದೆ. ಆದರೆ ಪಹಣಿ ತೆಗೆದರೆ ಈಚಿನ ಖಾತೆದಾರರ ಹೆಸರು ಮಾತ್ರ. ಇನ್ನೂ ಹಿಂದಕ್ಕೆ ಹೋಗಲು ದಾರಿಯಿದೆಯೇ?

ಹಳೇಕಡತ:

ಇದೆ. ಭೂಮಿಯಲ್ಲಿ ಇರುವುದು ಗಣಕೀಕರಣವಾದ ಮೇಲಿನ ಪಹಣಿ. ಕೈಬರಹದ್ದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇರುತ್ತದೆ. ಭೂ ಸುರಕ್ಷಾ ಯೋಜನೆಯಲ್ಲಿ ಆ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ಗ್ರಾಮದ್ದು ಆಗಿದೆಯೇ ವಿಚಾರಿಸಿ. ಕೇಳುವಾಗ 'ಹಳೆಯ ದಾಖಲೆ ಬೇಕು' ಎಂದರೆ ಯಾರೂ ಹುಡುಕಿಕೊಡುವುದಿಲ್ಲ. ಗ್ರಾಮ, ಸರ್ವೆ ನಂಬರು, ವರ್ಷ ಮೂರನ್ನೂ ಬರೆದು ದೃಢೀಕೃತ ನಕಲಿಗೆ ಅರ್ಜಿ ಕೊಡಿ.

ಹಳೆಯ ಪಹಣಿ ಕೈಗೆ ಬಂದಾಗ 9ನೇ ಅಂಕಣದ ಖಾತೆದಾರರ ಹೆಸರನ್ನು ನೋಡಿ ಕೈಬಿಡಬೇಡಿ, ಅಲ್ಲಿ ಒಡೆಯರಿರುತ್ತಾರೆ. ಗೇಣಿ ಮಾಡಿದವರು 12ನೇ ಅಂಕಣದಲ್ಲಿ, ಸಾಗುವಳಿದಾರರ ಹೆಸರಿನಲ್ಲಿ ಇರುತ್ತಾರೆ. ಅಲ್ಲಿಯೇ ಉಳಿದ ದಾಯಾದಿಗಳು 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಭೂನ್ಯಾಯಮಂಡಳಿಗೆ ನಮೂನೆ 7 (ಗೇಣಿದಾರರು ಜಮೀನಿನ ಹಕ್ಕು ಕೇಳುವ ಅರ್ಜಿ) ಸಲ್ಲಿಸಿದ್ದರೆ ಆ ಕಡತವನ್ನು ಬಿಡಲೇಬೇಡಿ. ಗದ್ದೆ ಯಾರ ಕಾಲದಿಂದ ಗೇಣಿಗಿತ್ತು ಎಂದು ಹೇಳಿಕೆ ಕೊಟ್ಟಿರುತ್ತಾರೆ. ಒಡೆಯರ ಹೆಸರು ನಿಮ್ಮ ಚೀಟಿಯ ಮನೆತನಕ್ಕೆ ಹೊಂದಿದರೆ ಎರಡೂ ಒಂದೇ ಬೇರಿನವು ಎಂಬುದಕ್ಕೆ ಗಟ್ಟಿ ಆಧಾರ. ಆ ಮನೆಗಳಲ್ಲಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗಿದ್ದರೆ, ವಂಶವೃಕ್ಷ ಲಗತ್ತಿಸಿರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಸಿಗುವುದು ಹೆಚ್ಚಾಗಿ ಅದರಲ್ಲಿಯೇ.

ಕರೂರು ಸೀಮೆಯವಳು:

ಹಿರಿಯರೇ, ನಕಲಿಗೆ ಅರ್ಜಿ ಕೊಟ್ಟು ಬಂದೆ. ಅದು ಬರಲು ಇನ್ನೂ ಸಮಯವಿದೆ, ಆದರೆ ನಿನ್ನೆಯ ವಿಷಯ ಹೇಳಿಬಿಡುತ್ತೇನೆ.

ಸಂಜೆ ಅಜ್ಜಿ ಜಗಲಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ನೀವು ಬಿಡಿಸಿಕೊಟ್ಟ ಮೊದಲ ಹೆಸರು ಓದಿದೆ. 'ಮಾವಯ್ಯನ ಹೆಸರಲ್ಲವೇ' ಎಂದರು, ಕೈ ನಿಲ್ಲಲಿಲ್ಲ. 'ಬಿನ್' ಎಂದು ಎರಡನೆಯ ಹೆಸರು ಓದಿದೆ. ಅಡಕತ್ತರಿ ನಿಂತಿತು. ಅಜ್ಜನ ದೊಡ್ಡಣ್ಣ, ಮುಳುಗಡೆಯ ವರ್ಷ ಜ್ವರದಲ್ಲಿ ತೀರಿಕೊಂಡವರು, ಅವರ ಹೆಸರೂ ಅದೇ ಅಂತೆ. ಹಿರಿಯ ಮೊಮ್ಮಗನಾದ ಅವರಿಗೆ ಅವರ ಅಜ್ಜನ ಹೆಸರನ್ನೇ ಇಟ್ಟಿದ್ದಾರೆ. ಭಾವನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅಜ್ಜಿ ಇಷ್ಟು ವರ್ಷ ಅದನ್ನು ಉಚ್ಚರಿಸಿರಲಿಲ್ಲ. ಹಾಗಾಗಿ ನಮಗಾರಿಗೂ ಗೊತ್ತಿರಲಿಲ್ಲ. ಚೀಟಿಯನ್ನು ಕೈಗೆ ಕೊಟ್ಟೆ. ಓದಲು ಬಾರದ ಅಜ್ಜಿ ಆ ಸಾಲು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು.