ಗದ್ದೆಯಲ್ಲಿ ಆನೆ ಕಾಸು ಸಿಕ್ಕಿವೆ, ಹರಾಜಿಗೆ ಕೊಡಬಹುದಾ?

ಕಬ್ಬಿನಗದ್ದೆ:
ನಮ್ಮದು ಪಾಂಡವಪುರ ತಾಲ್ಲೂಕು. ಹೋದ ವಾರ ಡ್ರಿಪ್ ಪೈಪ್ ಹಾಕಲು ಗದ್ದೆ ಅಗೆಯುವಾಗ ಗುದ್ದಲಿಗೆ ಮಣ್ಣಿನ ಕುಡಿಕೆ ತಗುಲಿ ಒಡೆಯಿತು. ಒಳಗೆ 43 ತಾಮ್ರದ ಕಾಸು. ಕಿಲುಬು ಹಿಡಿದು ಒಂದಕ್ಕೊಂದು ಅಂಟಿವೆ. ಬಿಡಿಯಾಗಿದ್ದ ಒಂದರ ಮೇಲೆ ಆನೆ, ಹಿಂದೆ ಉರ್ದು ತರಹದ ಬರಹ. ತಳದಲ್ಲಿ ತೊಗರಿಬೇಳೆಯಷ್ಟೇ ಇರುವ ಒಂದು ಚಿನ್ನದ ಬಿಲ್ಲೆ. ಹುಣಸೆಹಣ್ಣಿನಲ್ಲಿ ಉಜ್ಜಿ ಪೇಟೆಯ ನಾಣ್ಯ ಹರಾಜಿಗೆ ಕೊಡೋಣ ಅನ್ನುತ್ತಾರೆ ಚಿಕ್ಕಪ್ಪ. ಅವ್ವ ಬೇಡ ಅನ್ನುತ್ತಾಳೆ. ಏನು ಮಾಡಲಿ?

ಹಳೇಕಾಸು:
ದಯವಿಟ್ಟು ಉಜ್ಜಬೇಡಿ! ಹುಳಿ ಬಿದ್ದರೆ ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಅಂಟಿಕೊಂಡದ್ದನ್ನು ಬಿಡಿಸಲೂ ಬೇಡಿ.

ಆನೆ, ಹಿಂದೆ ಪಾರ್ಸಿ ಬರಹ ಅಂದರೆ ಟಿಪ್ಪು ಕಾಲದ್ದು ಇರಬಹುದು. ಶ್ರೀರಂಗಪಟ್ಟಣದ ಟಂಕಸಾಲೆಯದ್ದಾದರೆ ‘ಪಟನ್’ ಅಂತ ಇರುತ್ತದೆ. 1787ರಿಂದ ಟಿಪ್ಪು ಮೌಲೂದಿ ವರ್ಷ, ಅಂದರೆ ಪ್ರವಾದಿ ಹುಟ್ಟಿನಿಂದ ಎಣಿಸುವ ವರ್ಷ, ಹಾಕಿಸಿದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಚಿನ್ನದ್ದು ಕಂಠೀರಾಯ ಹಣ ಇದ್ದೀತು (‘ಹಣ’ ಅಂದರೆ ಆಗಿನ ಪುಟ್ಟ ಚಿನ್ನದ ನಾಣ್ಯ). ಒಂದು ಬದಿ ನರಸಿಂಹ, ಇನ್ನೊಂದು ಬದಿ ನಾಗರಿಯಲ್ಲಿ ‘ಶ್ರೀ ಕಂಠೀರವ’ ಇದೆಯಾ ನೋಡಿ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಶುರು ಮಾಡಿದ ಹಣ ಅದು. ಆಮೇಲೂ ಬಹಳ ಕಾಲ ನಡೆಯಿತು. ಹಾಗಾಗಿ ಎರಡೂ ಒಂದೇ ಕುಡಿಕೆಯಲ್ಲಿ ಇರುವುದರಲ್ಲಿ ಅಚ್ಚರಿ ಇಲ್ಲ.

ನಮ್ಮ ತಾತನಿಗೂ ಇಂಥ ಗಂಟು ಸಿಕ್ಕಿತ್ತು. ಪಾತ್ರೆ ವ್ಯಾಪಾರಿಗೆ ತೂಕಕ್ಕೆ ಕೊಟ್ಟುಬಿಟ್ಟರು. ಉಳಿದದ್ದು ಒಂದೇ ಕಾಸು, ಅದು ನನ್ನ ಹತ್ತಿರ ಇದೆ. ಎಷ್ಟಿದ್ದವು, ಯಾವ ಹೊಲದಲ್ಲಿ ಸಿಕ್ಕವು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದು ನನಗೆ ಇವತ್ತಿಗೂ ಸಂಕಟ. ನಿಮ್ಮದು ಕುಡಿಕೆ ಸಮೇತ, ಜಾಗದ ಸಮೇತ ಇದೆ ಅಲ್ವಾ? ಹರಾಜಿಗೆ ಹೋದರೆ 43 ಕಾಸು 43 ಮನೆ ಸೇರುತ್ತವೆ.

ಮಹಜರು:
ಮಾರುವ ಮಾತೇ ಬೇಡ. ನೆಲದಲ್ಲಿ ನಿಧಿ ಸಿಕ್ಕರೆ ಡಿಸಿಯವರಿಗೆ ಬರಹದಲ್ಲಿ ತಿಳಿಸಲೇಬೇಕು. ಕರ್ನಾಟಕದಲ್ಲಿ ಇದಕ್ಕೆ 1962ರ ಕಾಯ್ದೆ ಇದೆ. ಸರ್ವೆ ನಂಬರ್, ಸಿಕ್ಕ ದಿನ, ಎಷ್ಟು ಆಳ, ಎಷ್ಟು ಕಾಸು ಎಲ್ಲ ಬರೆಯಿರಿ. ಪಂಚರ ಮುಂದೆ ಎಣಿಸಿ ಮಹಜರು ಮಾಡಿಸಿ. ಸ್ವೀಕೃತಿ ಇಲ್ಲದೆ ಒಂದು ಕಾಸೂ ಕೈಬಿಡಬೇಡಿ.

ಕಬ್ಬಿನಗದ್ದೆ:
ಭೂತಗನ್ನಡಿಯಲ್ಲಿ ನೋಡಿದೆ. ನರಸಿಂಹ ಇದ್ದಾನೆ! ಚಿಕ್ಕಪ್ಪನೂ ಕಣ್ಣಿಗೆ ಒತ್ತಿಕೊಂಡರು. ಸೋಮವಾರ ಇಬ್ಬರೂ ಮಂಡ್ಯಕ್ಕೆ ಹೋಗುತ್ತೇವೆ. ಅವ್ವ ಅಗೆದ ಮಣ್ಣನ್ನೆಲ್ಲ ಜರಡಿ ಹಿಡಿದು ಕುಡಿಕೆಯ ಕಂಠದ ಚೂರು ಹುಡುಕಿದಳು. ಅದರ ಜೊತೆ ಇನ್ನೊಂದು ಕಾಸೂ ಸಿಕ್ಕಿತು. ಈಗ 44.